ಸ್ವತಂತ್ರ ಮಂಚ

ಕೊಸೊವೊ ಸರ್ಬಿಯಾದಿಂದ ಬೇರೆಯಾಗಿ ತಾನು ಸ್ವತಂತ್ರ ದೇಶವೆಂದು ಸಾರಿಕೊಂಡ ದಿನದಿಂದ ಬೇಕರಿಯ ಸ್ರೆಟೆನನಿಗೆ ನಿದ್ದೆಯಿಲ್ಲ. ಸಿಟ್ಟಿನಿಂದಲ್ಲ, ಪಾಪ. ರಾತ್ರಿಯೆಲ್ಲ ಬ್ರೆಡ್ಡು ಬೇಯಿಸುವ ಅವನು ಮಲಗುವುದೇ ಮಧ್ಯಾಹ್ನ. ಉತ್ತರ ಮಿತ್ರೋವಿತ್ಸಾದ ಸರ್ಬರು ಸೇತುವೆಯ ಬಳಿ ಪ್ರತಿಭಟನೆಗೆ ಸೇರುವುದೂ ಮಧ್ಯಾಹ್ನವೇ, ದಿನಾ ಹನ್ನೆರಡು ಗಂಟೆ ನಲವತ್ನಾಲ್ಕು ನಿಮಿಷಕ್ಕೆ ಸರಿಯಾಗಿ. ಕೊಸೊವೊ ನಮ್ಮ ಕೈಬಿಟ್ಟು ಹೋಗದೆಂದು ಅವರೆಲ್ಲ ನೆಚ್ಚಿಕೊಂಡಿದ್ದ ವಿಶ್ವಸಂಸ್ಥೆಯ ಠರಾವಿನ ನಂಬರು 1244 ಅಲ್ಲವೇ! ಅದು ಎಂಟುನೂರನೆಯದಾಗಿದ್ದರೆ ಬೆಳಿಗ್ಗೆ ಎಂಟಕ್ಕೇ ಕೂಗಿ ಮುಗಿಸಿ ಮಲಗಬಹುದಿತ್ತು ಎಂದು ಅವನು ಎಷ್ಟು ಸಲ ಹಲುಬಿದ್ದನೋ.

ಹತ್ತೊಂಬತ್ತನೆಯ ದಿನ ಕಣ್ಣು ಮುಚ್ಚಿದ್ದೇ ತಡ, ಬ್ರೆಡ್ಡುಗಳೆಲ್ಲ ಮೋಡಗಳಾಗಿ ಅವನನ್ನು ಹೊತ್ತು ಇಬಾರ್ ನದಿಯ ಮೇಲೆ ತೇಲಿಸತೊಡಗಿದವು. ಅಷ್ಟರಲ್ಲಿ ಬಾಗಿಲು ಡಬಡಬ.

"ಏ ಸ್ರೆಟೆನಾ, ಏಳೋ ಮಾರಾಯ, ಟೈಮಾಯ್ತು!" ಮೇಲಿನ ಮಹಡಿಯ ರುಜಿತ್ಸಕ್ಕ. ಕಟ್ಟಡದವರ ಹಾಜರಿ ಹಿಡಿಯುವವಳು ಅವಳೇ.

"ಇವತ್ತು ಬರಲ್ಲಕ್ಕ."

"ಬರಲ್ವಾ? ಜನ ಏನಂದ್ಕೋತಾರೆ?"

ನಿದ್ದೆಗಣ್ಣಲ್ಲಿ ಸ್ರೆಟೆನನ ಬಾಯಿ ಜಾರಿತು. "ನನ್ನ ಮಂಚ ಸ್ವತಂತ್ರ ಆಗಿದೆ! ಈಗಷ್ಟೇ ಘೋಷಣೆ ಮಾಡ್ದೆ. ಯಾರೂ ಒಳಗೆ ಬರಂಗಿಲ್ಲ!"

ಅಯ್ಯೋ, ಆಡಬಾರದ ಮಾತು ಆಡಿಬಿಟ್ಟಿದ್ದ. ಎರಡೇ ನಿಮಿಷ, ಮೆಟ್ಟಿಲ ತುಂಬ ಜನ. ನಿವೃತ್ತ ಹೆಡ್ಮಾಸ್ತರ್ ವುಕಾಶಿನ್ ಸೀಟಿ ಊದಿದರು. "ಮಂಚ ನಮ್ದು! ಬಿಡೋದಿಲ್ಲ!"

"ನಿಮ್ದು ಹೇಗಾಗತ್ತೆ ಮೇಷ್ಟ್ರೇ?" ಸ್ರೆಟೆನ್ ಒಳಗಿಂದ ಕೂಗಿದ.

"ಕಟ್ಟಡ ಎಲ್ಲರದೂ ಕಣಯ್ಯ. ಮಂಚ ಕಟ್ಟಡದೊಳಗಿದೆ!"

ಹೊರಗೆ ಹಿಮ, ಮೆಟ್ಟಿಲ ಮೇಲೆ ಬೆಚ್ಚಗೆ. ಯಾರೋ ಕಾಫಿ ತಂದರು, ಯಾರೋ ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ ಬಿಚ್ಚಿದರು. ಬೀದಿಯವರೂ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ಊರೆಲ್ಲ ಇಲ್ಲಿದ್ದರೆ ಸೇತುವೆಯ ಹತ್ತಿರ ಯಾರಿದ್ದಾರೆ? ಸ್ರೆಟೆನ್ ಕಂಬಳಿ ಹೊದ್ದು ಹಿಂದಿನ ಕಿಟಕಿಯಿಂದ ಇಳಿದು ಅತ್ತ ನಡೆದ. ಚೌಕ ಖಾಲಿ. ಬಾವುಟದ ಕಂಬಕ್ಕೆ ಒರಗಿ ಕೂತ. ಹಿಮ ಜರಡಿ ಹಿಡಿದ ಮೈದಾಹಿಟ್ಟಿನ ಹಾಗೆ ಉದುರುತ್ತಿತ್ತು. ಮೋಡಗಳು ಮತ್ತೆ ಬಂದು ಅವನನ್ನು ಎತ್ತಿಕೊಂಡವು. ಆಹಾ, ಎಂಥ ಸುಖ!

ಕಣ್ಣು ಬಿಟ್ಟರೆ ಊರಿಗೆ ಊರೇ ತಲೆತಗ್ಗಿಸಿ ಎದುರು ನಿಂತಿದೆ. ರುಜಿತ್ಸಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಿನ್ನ ಮಂಚದ ಹಿಂದೆ ಬಿದ್ದು ನಾವು ಹೊತ್ತು ಮೀರಿದ್ದೇ ನೋಡ್ಲಿಲ್ವಲ್ಲೋ. ನೀನೊಬ್ಬನೇ ಈ ಹಿಮದಲ್ಲಿ..."

ಮೇಷ್ಟ್ರು ತಮ್ಮ ಸೀಟಿಯನ್ನು ಬಿಚ್ಚಿ ಅವನ ಕೊರಳಿಗೆ ಹಾಕಿದರು. "ನಾಳೆಯಿಂದ ನೀನೇ ಮುಖಂಡ. ಹನ್ನೊಂದಕ್ಕೇ ಬಂದು ಜನ ಸೇರಿಸ್ಬೇಕು."

"ಮೇಷ್ಟ್ರೇ, ನಾನು ಬರೀ ಮಲಗೋಕೆ ಬಂದಿದ್ದು..."

"ನೋಡ್ರಪ್ಪಾ, ಎಷ್ಟು ವಿನಯ!"

ಚಪ್ಪಾಳೆಯೋ ಚಪ್ಪಾಳೆ. ಸ್ರೆಟೆನ್ ಮನೆಗೆ ಹೋಗಿ ಮಂಚದ ಸ್ವಾತಂತ್ರ್ಯವನ್ನು ತಾನೇ ರದ್ದುಮಾಡಿ, ಅಲಾರಾಂ ಮುಳ್ಳನ್ನು ಹತ್ತೂವರೆಗೆ ತಿರುಗಿಸಿದ.