ಮೈಲಪ್ಪನ ಹೆಡ್‌ಲೈಟು, ಬೀರವ್ವನ ಮೆಣಸಿನಕಾಯಿ

ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೆ ಕತ್ತಲೆ ಎಂಬುದೇ ಉಳಿಯದಂತೆ ಬೆಳಗಿಸಿಬಿಡುತ್ತೇನೆ ಎಂದು ಮೈಲಪ್ಪ ಶಪಥ ಮಾಡಿದ್ದು ಹೆಂಡತಿ ನಿರ್ಮಲಾಳ ತಮ್ಮ ಕಿರಣಕುಮಾರನ ಒಂದು ಮಾತಿಗೆ. ಅಪ್ಪನ ಕಾಲದ ಅಂಬಾಸಿಡರ್ ಕಾರು ನೋಡಿ ಅವನು, "ಮಾವ, ಇದರ ಮುಂದ ಒಬ್ಬರು ಕಂದೀಲ ಹಿಡಕೊಂಡು ನಡೀಬೇಕ್ರಿ" ಅಂದಿದ್ದ.

ಈಗ ರಾಣೆಬೆನ್ನೂರಿನಲ್ಲಿ ಅದೇ ಕಿರಣಕುಮಾರನ ಮಗಳ ನಿಶ್ಚಯ. ರಾತ್ರಿ ಎಂಟಕ್ಕೆ ಸೋದರತ್ತೆ ನಿರ್ಮಲಾ ಉಡಿ ತುಂಬಬೇಕು. ಅದಕ್ಕೂ ಮೊದಲು ಮೈಲಪ್ಪನ ಹೆಡ್‌ಲೈಟು ಬೀಗರ ಕಣ್ಣು ಕುಕ್ಕಬೇಕು.

ಮೂರು ದಿನ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಹಳೆಯ ಸಣಕಲು ವೈರು ಕಿತ್ತ, ಬ್ಯಾಟರಿಯಿಂದ ನೇರ ಕರೆಂಟು ತರುವ ರಿಲೇ ಕೂರಿಸಿದ, ಫ್ಯೂಸ್ ಹಾಕಿದ. ದೀಪ ಹತ್ತಿತು. ಬೇಲಿಯ ಮೇಲಿನ ಬೆಕ್ಕು ಬೆಳಗಾಯಿತೆಂದು ಮೈಮುರಿಯಿತು. ಮರುಗಳಿಗೆಯೇ ಫ್ಯೂಸ್ ಸುಟ್ಟಿತು. ಇನ್ನೊಂದು ಹಾಕಿದ. ಅದೂ ಸುಟ್ಟಿತು.

"ಎಲ್ಲೋ ವೈರು ತಗಡಿಗೆ ತಾಗಾಕತ್ತೈತಿ. ಮಿಸ್ತ್ರಿನ್ನ ಕರೀರಿ," ಅಂದಳು ನಿರ್ಮಲಾ.

"ಇಪ್ಪತ್ತು ವರ್ಷ ಹೊಲದ ಪಂಪ್‌ಸೆಟ್ಟಿಗೆ ಫ್ಯೂಸ್ ಬದಲಿ ತಂತಿ ಸುತ್ತಿದ ಕೈ ಇದು. ಒಮ್ಮೆರ ಮೋಟಾರ ನಿಂತೈತೇನು?"

"ನಿಂತಿಲ್ಲ. ಎರಡು ಸಲ ಸುಟ್ಟೈತಿ."

ಅವಳ ಮಾತು ಮುಗಿಯುವುದರೊಳಗೆ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕುಳಿತಿತ್ತು.

ಹೊರಡುವ ಹೊತ್ತಿಗೆ ಅವ್ವ ಬೀರವ್ವ ದೃಷ್ಟಿ ತಾಗದಿರಲೆಂದು ಏಳು ಒಣಮೆಣಸಿನಕಾಯಿ, ಒಂದು ನಿಂಬೆಹಣ್ಣು ಪೋಣಿಸಿ ತಂದು ಬಂಪರಿಗೆ ಕಟ್ಟಲು ಬಗ್ಗಿದಳು.

"ಬ್ಯಾಡಬೇ ಯವ್ವಾ, ಬೀಗರ ಮುಂದ ಹಳ್ಳಿ ಗಾಡಿ ಅನಸ್ತೈತಿ," ಎಂದ ಮೈಲಪ್ಪ ಆ ಸರವನ್ನು ಬಾನೆಟ್ಟಿನೊಳಗೆ, ತಂತಿಯ ಪಕ್ಕದಲ್ಲೇ ತುರುಕಿದ. ಮೂವರೂ ಕಾರು ಹತ್ತಿದರು.

ಮೋಟೆಬೆನ್ನೂರು ಮುಟ್ಟುವ ಮೊದಲೇ ಹೊತ್ತು ಮುಳುಗಿತು. ಗೋವಿನಜೋಳದ ಹೊಲಗಳ ಮೇಲೆ ಕೊನೆಯ ಕೆಂಪು ತೆಳ್ಳಗೆ ಉಳಿದಿತ್ತು. ಮೈಲಪ್ಪ ರಾಜಗಾಂಭೀರ್ಯದಿಂದ ಸ್ವಿಚ್ಚು ಎಳೆದ. ರಸ್ತೆ ಹಾಲು ಚೆಲ್ಲಿದಂತೆ ಬೆಳಗಿತು. ಎದುರಿನ ಲಾರಿಯವನು ಬೈದು ಹೋದ. ಮೈಲಪ್ಪನಿಗೆ ಅದು ಸನ್ಮಾನದಂತೆ ಕೇಳಿಸಿತು.

"ನೋಡಿದೇನು?" ಎನ್ನಲು ತೆರೆದ ಬಾಯಿ ತೆರೆದೇ ಉಳಿಯಿತು. ಒಳಗೆ ಘಾಟು ನುಗ್ಗಿತ್ತು. ಕೆಂಪಗೆ ಕಾದ ತಂತಿ ಏಳೂ ಮೆಣಸಿನಕಾಯಿಗಳನ್ನು ಹುರಿಯುತ್ತಿತ್ತು. "ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ" ಎಂದು ಮಾರ್ಕೆಟ್ಟಿನಲ್ಲಿ ಗಿರಾಕಿಗಳಿಗೆ ಹೇಳಿಕೊಂಡು ಬಂದ ಮೈಲಪ್ಪನ ಬಾಯಿಂದ ಈಗ ಕೆಮ್ಮು ಬಿಟ್ಟರೆ ಬೇರೇನೂ ಹೊರಡಲಿಲ್ಲ.

ಗಾಡಿ ನಿಂತದ್ದೇ ಮೂವರೂ ರಸ್ತೆಗಿಳಿದು ಸೀನಿದರು. ನಿರ್ಮಲಾ ಉಡಿಯ ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದು ಸೀನಿದಳು. ಮೈಲಪ್ಪ ಕೈಗೆ ಟವೆಲ್ ಸುತ್ತಿಕೊಂಡು ಬ್ಯಾಟರಿಯ ವೈರು ಕಿತ್ತ. ಕತ್ತಲೆ, ತಾನು ಎಲ್ಲಿಗೂ ಹೋಗಿರಲಿಲ್ಲ ಎಂಬಂತೆ, ಮರಳಿ ಬಂತು.

ಕೊನೆಗೆ ಗಾಡಿಯನ್ನು ಅಲ್ಲೇ ಬಿಟ್ಟು, ಖಾಲಿ ಚೀಲ ಹೇರಿದ ಟ್ರ್ಯಾಕ್ಟರು ಹತ್ತಿ ರಾಣೆಬೆನ್ನೂರು ಸೇರಿದರು. ಎಂಟಕ್ಕೆ ಇನ್ನೂ ಐದು ನಿಮಿಷವಿತ್ತು. ನಿರ್ಮಲಾ ಗಂಡನತ್ತ ತಿರುಗಿಯೂ ನೋಡದೆ ಬುಟ್ಟಿ ಹಿಡಿದು ಒಳಗೆ ಓಡಿದಳು.

ಬಾಗಿಲಲ್ಲಿ ನಿಂತಿದ್ದ ಕಿರಣಕುಮಾರ ಉಳಿದವರ ಕೆಂಪು ಕಣ್ಣು ನೋಡಿದ. "ಗಾಡಿ ಎಲ್ಲಿ ಬಿಟ್ರಿ, ಮಾವ?"

ಬೀಗರೆಲ್ಲ ಕಿವಿ ನಿಮಿರಿಸಿದರು.

"ಏನ ಹೇಳ್ಲಿಪಾ," ಮೈಲಪ್ಪ ನಿಟ್ಟುಸಿರಿಟ್ಟ, "ಬೆಳಕು ಭಾರಿ ಆಗಿತ್ತು. ಯಾರದೋ ಕೆಟ್ಟ ಕಣ್ಣು ಬಿತ್ತು."

ಬೀರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸುಳ್ಳ ಹೇಳಬ್ಯಾಡೋ. ಕಣ್ಣು ಬಿದ್ದಿದ್ರ ಮೆಣಸಿನಕಾಯಿ ಸುಟ್ಟರೂ ಘಾಟು ಬರತಿರಲಿಲ್ಲ. ಗಾಡಿಗೆ ಯಾರ ಕಣ್ಣೂ ಬಿದ್ದಿಲ್ಲ. ನಿನ್ನ ಕೈ ಬಿದ್ದೈತಿ."