ಅಪ್ಪನ ಕಿವಿ ಮೆಷೀನು ಮತ್ತು ನನ್ನ ಪಿಎಚ್‌ಡಿ

ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗುವುದು ಅಷ್ಟೇನೂ ಕಷ್ಟವಲ್ಲ. ಏನು ಓದುತ್ತಿದ್ದೀರಿ ಎಂದು ಕೇಳಿದವರಿಗೆ ಉತ್ತರ ಕೊಡುವುದು ಕಷ್ಟ. ‘ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ’ ಎಂದು ಉಸಿರು ಕಟ್ಟಿ ಹೇಳಿದರೆ, ಚಾಮರಾಜಪೇಟೆಯ ನಮ್ಮ ಪಕ್ಕದ ಮನೆಯ ಸರೋಜಮ್ಮನವರು ಮರುಕದಿಂದ ನೋಡಿ, “ಮೂರನ್ನೂ ಒಟ್ಟಿಗೆ ಯಾಕಮ್ಮ ತಗೊಂಡೆ? ಒಂದೊಂದಾಗಿ ಪಾಸ್ ಮಾಡ್ಕೋಬೋದಿತ್ತು” ಎಂದರು. ಮನುಷ್ಯರ ನಡುವೆ ಯಂತ್ರ ಬಂದು ಕೂತಾಗ ಏನಾಗುತ್ತದೆ ಎಂದು ನೋಡುವ ಶಾಸ್ತ್ರ ಇದು ಎಂದು ವಿವರಿಸಿದೆ. “ಅದಕ್ಕೂ ಓದ್ಬೇಕಾ? ಸಂಜೆ ನಮ್ಮನೆಗೆ ಬಾ, ಟೀವಿ ಮುಂದೆ ನಮ್ಮೆಜಮಾನ್ರನ್ನ ತೋರಿಸ್ತೀನಿ” ಎಂದರು.

ನನ್ನ ಸಂಶೋಧನೆಯ ವಿಷಯ ಕಿವಿ ಮೆಷೀನು. ಮಕ್ಕಳು ಕಾಳಜಿಯಿಂದ ತಂದುಕೊಟ್ಟದ್ದನ್ನು ವಯಸ್ಸಾದವರು ಯಾಕೆ ಡ್ರಾಯರಿನಲ್ಲಿಟ್ಟು ಮರೆಯುತ್ತಾರೆ ಎಂಬುದು ಪ್ರಶ್ನೆ. ಬಸವನಗುಡಿ, ಮಲ್ಲೇಶ್ವರದ ವರಾಂಡಗಳಲ್ಲಿ ಕೂತು ಹಿರಿಯರು ಹೇಳುವುದನ್ನೆಲ್ಲ ನಾನು ಎಷ್ಟು ತಾಳ್ಮೆಯಿಂದ ಕೇಳುತ್ತೇನೆಂದರೆ, ಒಬ್ಬ ಅಜ್ಜಿಯಂತೂ ನನ್ನನ್ನು ಕಳಿಸಲು ಮನಸ್ಸಿಲ್ಲದೆ ಮತ್ತೊಮ್ಮೆ ಕಾಫಿ ಮಾಡಿಸಿದರು. ಅಲ್ಲಿಂದ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, “ಅಪ್ಪಾ, ಮೆಷೀನ್ ಹಾಕ್ಕೊಂಡ್ರಾ?” ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತೇನೆ. ಮೇಷ್ಟರಾಗಿ ನಿವೃತ್ತರಾದ ನಮ್ಮಪ್ಪನದೂ ಡ್ರಾಯರಿನಲ್ಲೇ ಇರುತ್ತಿತ್ತು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಹೀಗೆ ಕೇಳಿಸದೆ ಕೇಳಿಸದೆ ಅವರು ಒಂದು ದಿನ ಮಾತನ್ನೇ ಬಿಟ್ಟುಬಿಟ್ಟರೆ ಎಂದು ನನಗೆ ನಿಜಕ್ಕೂ ಭಯ. ನನ್ನ ಬಾಯಲ್ಲಿ ಭಯವೂ ಗದರಿಕೆಯಾಗಿಯೇ ಹೊರಗೆ ಬರುತ್ತದೆ.

ಅಪ್ಪನನ್ನೂ ಸಂದರ್ಶನ ಮಾಡಿಬಿಡಲೇ ಎಂದು ನನ್ನ ಗೈಡನ್ನು ಕೇಳಿದ್ದೆ. “ಮನೆಯವರನ್ನ ಪ್ರಶ್ನೆ ಕೇಳಿದ್ರೆ ಅದು ಸಂಶೋಧನೆ ಆಗಲ್ಲಮ್ಮ, ಜಗಳ ಆಗತ್ತೆ” ಎಂದು ಅವರು, ನನ್ನ ಸಹಪಾಠಿ ಶಾಲಿನಿಯನ್ನು ಕಳಿಸಿದರು. ಆ ಭಾನುವಾರ ಅಪ್ಪ ಬೆಳಗ್ಗೆಯೇ ಗಡ್ಡ ಹೆರೆದು, ಸ್ಕೂಲ್ ಇನ್‌ಸ್ಪೆಕ್ಷನ್ನಿಗೆ ಹೊರಟವರಂತೆ ಇಸ್ತ್ರಿ ಷರ್ಟು ತೊಟ್ಟು, ಯಾರೂ ಹೇಳದೆಯೇ ಮೆಷೀನು ಸಿಕ್ಕಿಸಿಕೊಂಡು ಕೂತರು. ನನಗೆ ಮೈಯೆಲ್ಲ ಉರಿಯಿತು. ಸಂದರ್ಶನ ನಡೆಯುವಾಗ ಬೇರೆಯವರು ಕೇಳಿಸಿಕೊಳ್ಳಬಾರದು ಎಂಬ ನಿಯಮ ನನಗೂ ಗೊತ್ತು. ಅದಕ್ಕೇ ಅಡುಗೆಮನೆಗೆ ಹೋಗಿ, ಕಾಫಿಗೆ ಹಾಲಿಟ್ಟು, ಮಿಕ್ಸಿ ಹಾಕದೆ, ನಲ್ಲಿ ತಿರುಗಿಸದೆ, ಉಸಿರು ಬಿಗಿಹಿಡಿದು ನಿಂತೆ.

“ದಿನಾ ಯಾಕೆ ಹಾಕ್ಕೊಳಲ್ಲ ಅಂಕಲ್? ಕಿವಿ ನೋಯತ್ತಾ?” ಎಂದಳು ಶಾಲಿನಿ.

“ನೋವೇನಿಲ್ಲಮ್ಮ. ಚೆನ್ನಾಗೇ ಕೇಳ್ಸತ್ತೆ.” ಎಂದರು ಅಪ್ಪ. “ಇದನ್ನ ಹಾಕ್ಕೊಂಡಿದ್ರೆ ನಮ್ಮ ಹುಡುಗಿ ಅಡುಗೆಮನೆಯಿಂದ್ಲೇ ಮಾತು ಮುಗಿಸ್ಬಿಡ್ತಾಳೆ. ಹಾಕ್ಕೊಳ್ದಿದ್ರೆ ಬೈಕೊಂಡಾದ್ರೂ ಹತ್ರ ಬರ್ತಾಳೆ. ಪಕ್ಕದಲ್ಲಿ ಕೂತು, ಭುಜದ ಮೇಲೆ ಕೈ ಇಟ್ಟು ಹೇಳ್ತಾಳೆ.”

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ನಾನು ಅಳುತ್ತಿದ್ದೆ. ಶಾಲಿನಿ ಕಾಫಿ ಕುಡಿದು, ನನ್ನ ಮುಖ ನೋಡದೆ ಹೊರಟುಹೋದಳು.

ನಾನು ಹೋಗಿ ಅಪ್ಪನ ಪಕ್ಕದಲ್ಲಿ ಕೂತೆ. “ಅಪ್ಪಾ!” ಎಂದೆ, ಅಭ್ಯಾಸಬಲದಿಂದ ಏರುದನಿಯಲ್ಲಿ. “ಯಾಕೆ ಕಿರುಚ್ತೀಯೆ, ಹಾಕ್ಕೊಂಡಿದೀನಲ್ಲ” ಎಂದರು. ಸರಿ. ಹತ್ತಿರ ಕೂತಿದ್ದೇನೆ, ಅವರಿಗೆ ಎಲ್ಲವೂ ಕೇಳಿಸುತ್ತಿದೆ, ಇನ್ನು ಮಾತಾಡುವುದೊಂದೇ ಬಾಕಿ. ಊರಿನ ಹಿರಿಯರನ್ನೆಲ್ಲ ಗಂಟೆಗಟ್ಟಲೆ ಮಾತಾಡಿಸುವ ನನಗೆ ಒಂದು ಮಾತೂ ಹೊಳೆಯಲಿಲ್ಲ. ಇಷ್ಟು ದಿನ ನಾನು ಅವರಿಗೆ ಹೇಳುತ್ತಿದ್ದುದೆಲ್ಲ ಮೆಷೀನು ಹಾಕಿಕೊಳ್ಳಿ ಎಂಬುದೊಂದೇ. ಈಗ ಅದಕ್ಕೂ ಅವಕಾಶವಿಲ್ಲ.

ನನ್ನ ಪೇಚಾಟವನ್ನು ಅಪ್ಪ ನೋಡುತ್ತಲೇ ಇದ್ದರು. ಆಮೇಲೆ, ಪಾಠ ಬಾರದ ಹುಡುಗಿಯನ್ನು ಸಮಾಧಾನ ಮಾಡುವ ಮೇಷ್ಟರ ದನಿಯಲ್ಲಿ, “ನಿನ್ನ ಪ್ರಶ್ನೆಪಟ್ಟಿ ಇದ್ಯಲ್ಲ, ಬೇಕಾದ್ರೆ ಅದನ್ನೇ ತಗೊಂಡ್ಬಾ. ನಾನು ಕಾಯ್ತೀನಿ” ಎಂದರು.

ನಾನು ನಿಜವಾಗಿಯೂ ಎದ್ದು ಹೋಗಿ ತಂದುಬಿಟ್ಟೆ.