ಹೂಂ ಎನ್ನಲಾರದ ಕುತ್ತಿಗೆ

ಶಾಲೆಯಲ್ಲಿದ್ದಾಗ ಒಂದೇ ಒಂದು ಸಂಧಿಯನ್ನೂ ನೆಟ್ಟಗೆ ಬಿಡಿಸಲಾರದೆ, ಇಂದು ಊರಿನ ಸಮಸ್ತ ಸಂಧಿಗಳನ್ನೂ ಬಿಡಿಸುತ್ತಿರುವವಳು, ಸೂಲಗಿತ್ತಿ ಅಜ್ಜಿಯಿಂದ ಕೈಗುಣವನ್ನೂ ದೂರದ ಪಟ್ಟಣದಿಂದ ಪ್ರಮಾಣಪತ್ರವನ್ನೂ ಸಂಪಾದಿಸಿ ಎರಡಕ್ಕೂ ಕುಂದು ತಾರದವಳು, ಕಣ್ಣು ಮುಚ್ಚಿಕೊಂಡು ಕಾಣದ ಗಂಟನ್ನು ಕಾಣುವವಳು, ಅಕ್ಕಿ ಗಿರಣಿಯ ಹಮಾಲರ ಸೊಂಟಗಳಿಗೆ ಅಭಯಹಸ್ತೆ, ಹಾಲುಗೂಸುಗಳಿಗೆ ತಾಯಿ, ಬಲಿತ ಗಂಡಸರಿಗೆ ಕಾಲಯಮನ ಕಿರಿಯ ಸೋದರಿ, ರೋಗಿ ಚೀರಿದಾಗ ದನಿಯೇರಿಸದವಳು, ಚೀರದಿದ್ದಾಗ ನಂಬದವಳು, ಮಿತಭಾಷಿಣಿ, ದೃಢಾಂಗುಷ್ಠೆ, ಸತ್ಯವನ್ನು ಚರ್ಮದ ಮೇಲಿಂದಲೇ ಓದುವವಳು. ಇಂಥ ಗುಣಗಣಗಳಿಂದ ಶೋಭಿಸುವ, ಗಂಗಾವತಿಯ ಸೌಭಾಗ್ಯವತಿ ಮೆಹಜಬೀನಳ ಎರಡು ಹೆಬ್ಬೆರಳುಗಳಿಗೆ ನಮಿಸಿ ನನ್ನ ದುಃಖವೃತ್ತಾಂತವನ್ನು ಆರಂಭಿಸುತ್ತೇನೆ. (ಈ ನಮನ ಮನಸ್ಸಿನದು. ದೇಹದ್ದು ಏಕೆ ಸಾಧ್ಯವಿಲ್ಲವೆಂಬುದೇ ವೃತ್ತಾಂತ.)

ಕಳೆದ ಚೈತ್ರದಲ್ಲಿ ನನ್ನ ಕುತ್ತಿಗೆ ನನ್ನೊಡನೆ ಮಾತು ಬಿಟ್ಟಿತು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ನಿವೃತ್ತನಾದ ಮೇಲೂ ಹಳೆಯ ಓಲೆಗರಿಗಳ ಮೇಲೆ ಬಾಗಿ ಕುಳಿತವನ ಕುತ್ತಿಗೆ ಅದು. ಬಾಗಿ ಬಾಗಿ ಬೇಸತ್ತು, ಇನ್ನು ಬಾಗೆನೆಂದು ಶಪಥ ಮಾಡಿದಂತೆ ಒಂದು ಬೆಳಗ್ಗೆ ನೆಟ್ಟಗೆ ನಿಂತುಬಿಟ್ಟಿತು. ಎಡಕ್ಕಿಲ್ಲ, ಬಲಕ್ಕಿಲ್ಲ, ಕೆಳಕ್ಕಂತೂ ಇಲ್ಲವೇ ಇಲ್ಲ. ಹೆಗಲಿನಿಂದ ಕಿವಿಯ ತನಕ ಒಂದೇ ಹಲಗೆ. ಲಿಂಗಪೂಜೆಯಲ್ಲಿ ಅಂಗೈಯನ್ನು ಮುಖದ ಎತ್ತರಕ್ಕೆ ಎತ್ತಿಕೊಂಡು ದೃಷ್ಟಿ ನಿಲ್ಲಿಸಬೇಕಾಯಿತು, ದೇವರು ಕ್ಷಮಿಸಿದನು. ಬೀಗರು ಕ್ಷಮಿಸಲಿಲ್ಲ. ಮೊಮ್ಮಗಳ ತೊಟ್ಟಿಲ ದಿನ ಹಿರಿಯ ಬೀಗರಿಗೆ ತಲೆ ಬಾಗಿಸಿ ಶರಣೆನ್ನಲಿಲ್ಲವೆಂಬ ಕಾರಣಕ್ಕೆ, ಮಾಸ್ತರಿಗೆ ಪಿಂಚಣಿಯ ಸೊಕ್ಕು ಬಂದಿದೆ ಎಂಬ ಮಾತು ಹುಟ್ಟಿ ಯಲಬುರ್ಗಿಯವರೆಗೆ ಹೋಗಿ ತಿರುಗಿ ಬಂತು. ಬಾಗದ ಕುತ್ತಿಗೆಗೂ ಬಾಗಲಾರದ ಕುತ್ತಿಗೆಗೂ ಇರುವ ಭೇದವನ್ನು ಲೋಕವು ಎಂದೂ ಗಮನಿಸದು.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಶ್ರಾವಣ. ಕುಷ್ಟಗಿಯ ಮಠವೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಶ್ರಾವಣಮಾಸದ ಪುರಾಣವನ್ನು ಓದಿ ಅರ್ಥ ಹೇಳುತ್ತ ಬಂದವನು ನಾನು. ನನ್ನ ಬದುಕಿನಲ್ಲಿ ಗರ್ವ ಪಡಬಹುದಾದ ಸಂಗತಿ ಅದೊಂದೇ (ಪಟ್ಟಿದ್ದೇನೆ ಕೂಡ). ಪುರಾಣದ ಪುಸ್ತಕ ಮೊಣಕಾಲೆತ್ತರದ ಪೀಠದ ಮೇಲಿರುತ್ತದೆ. ಓದುವವನು ನೆಲದ ಮೇಲೆ ಕುಳಿತು ತಲೆ ಬಾಗಿಸಿ ಓದಬೇಕು. ಗ್ರಂಥವನ್ನು ಎತ್ತಿ ಹಿಡಿಯುವುದು ಆ ಮಠದಲ್ಲಿ ಅಪಚಾರ. ಬಾಯಿಪಾಠ ಒಪ್ಪಿಸುವುದು ಅದಕ್ಕಿಂತ ದೊಡ್ಡ ಅಪಚಾರ. ಪುರಾಣ ಸಮಿತಿಯ ಹಿರಿಯರಾದ ಅಮರಪ್ಪನವರು ಫೋನು ಮಾಡಿ ಕ್ಷೇಮ ವಿಚಾರಿಸಿ, ಕೊನೆಯಲ್ಲಿ ಮೆಲ್ಲಗೆ, ಶ್ರಾವಣದೊಳಗೆ ಗುಣವಾದರೆ ಸಂತೋಷ, ಆಗದಿದ್ದರೆ ಪೀಠವನ್ನು ಬರಿದಾಗಿ ಇಡಲು ಬರುವುದಿಲ್ಲ, ಒಮ್ಮೆ ಬೇರೆಯವರನ್ನು ಕೂಡಿಸಿದರೆ ಮರುವರ್ಷ ಏಳಿಸುವುದೂ ಕಷ್ಟ ಎಂದರು. ಶ್ರಾವಣಕ್ಕೆ ಆಗ ನಲವತ್ತು ದಿನ ಉಳಿದಿತ್ತು.

ಎಲುಬಿನ ವೈದ್ಯರು ಚಿತ್ರ ತೆಗೆಸಿ ನೋಡಿ, ಎಲುಬು ಸರಿಯಾಗಿದೆ, ಸ್ನಾಯುಗಳು ವರ್ಷಗಟ್ಟಲೆ ಬಿಗಿಹಿಡಿದಿವೆ, ಮನೆಯಲ್ಲಿ ಏನಾದರೂ ಟೆನ್ಶನ್ ಇದೆಯೇ ಎಂದು ಕೇಳಿದರು. ಉತ್ತರವಾಗಿ ನಾನು ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಕಡೆಗೆ ತಿರುಗಿ ನೋಡಲು ಯತ್ನಿಸಿದೆ. ಕುತ್ತಿಗೆ ತಿರುಗಲಿಲ್ಲ, ಸಂಸಾರ ಉಳಿಯಿತು. ಆ ವೈದ್ಯರೇ ಮೆಹಜಬೀನಳ ಹೆಸರು ಹೇಳಿದರು: ಗುಳಿಗೆಯಲ್ಲ, ಸೂಜಿಯಲ್ಲ, ಬರಿಗೈಯಿಂದ ಬಿಗಿ ಬಿಡಿಸುವ ಚಿಕಿತ್ಸೆ. ನನ್ನ ತರಗತಿಯಲ್ಲೇ ಕಲಿತ ಶಿಷ್ಯೆಯ ಮುಂದೆ ಅಂಗಿ ಬಿಚ್ಚಿ ಮಲಗುವುದು ಗುರುಸ್ಥಾನಕ್ಕೆ ಶೋಭಿಸುವುದೇ ಎಂದು ನಾನು ಅನುಮಾನಿಸಿದೆ. ನನ್ನ ಹೆಂಡತಿ ಕಳಕಮ್ಮ ಆ ವೇಳೆಗಾಗಲೇ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತು ಬಂದಿದ್ದಳು. "ದೇವ್ರಿಗೆ ಹೇಳೇನಿ, ಆಕಿಗೂ ಹೇಳೂಣು ನಡೀರಿ. ಯಾರ ಕೈಯಾಗ ಗುಣ ಐತೋ ಏನೋ" ಎಂದು ನನ್ನನ್ನು ಆಟೊ ಹತ್ತಿಸಿದಳು.

ಚಿಕಿತ್ಸೆಯ ಕೋಣೆ ಗೊಬ್ಬರದಂಗಡಿಯ ಮಹಡಿಯ ಮೇಲಿತ್ತು. ಬಾಗಿಲಲ್ಲೇ ಒಂದು ಫಲಕ: ಗಂಡಸರು ತಮ್ಮ ಮನೆಯ ಹೆಣ್ಣುಮಕ್ಕಳೊಬ್ಬರನ್ನು ಜೊತೆಗೆ ಕರೆತರತಕ್ಕದ್ದು. (ವಾಕ್ಯದಲ್ಲಿ ದೋಷವಿರಲಿಲ್ಲ, ಅಷ್ಟರಮಟ್ಟಿಗೆ ನನ್ನ ಬೋಧನೆ ವ್ಯರ್ಥವಾಗಿರಲಿಲ್ಲ.) ಆದಕಾರಣ ಕಳಕಮ್ಮ ಪ್ರತಿಸಲವೂ ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಕ್ಷಿಯಾಗಿ ಕುಳಿತಳು. ಮೊದಲು ಪ್ರಶ್ನೋತ್ತರ ನಡೆಯಿತು. ಪ್ರಶ್ನೆಗಳು ನನಗೆ, ಉತ್ತರಗಳನ್ನೆಲ್ಲ, ಮೂವತ್ತೆರಡು ವರ್ಷದ ರೂಢಿಯಂತೆ, ಕಳಕಮ್ಮ ಕೊಟ್ಟಳು. ಎಷ್ಟು ದಿಂಬು? ಎರಡು. ಯಾವ ಮಗ್ಗುಲು? ನಾನಿಲ್ಲದ ಮಗ್ಗುಲು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಯೇ? ಕಡಿಯುತ್ತಾರೆ, ಎಚ್ಚರವಿದ್ದಾಗಲೂ. ಆ ಬಳಿಕ ಮೆಹಜಬೀನ ನನ್ನನ್ನು ಬೋರಲು ಮಲಗಿಸಿ, ಮುಂದೆ ಆಗಲಿರುವುದನ್ನು ತಾಳ್ಮೆಯಿಂದ ತಿಳಿಸಿದಳು: ಉಸಿರು ಹಿಡಿಯಬಾರದು, ಬಿಗಿ ಬಿಡುವಾಗ ಕೆಲವರಿಗೆ ಅಳು ಬರುತ್ತದೆ, ನಾಚಬೇಕಿಲ್ಲ.

"ಸರ್ರ, ನಾ ಒತ್ತತೀನಿ. ನೋವು ಹತ್ತಕ್ಕ ಎಷ್ಟು ಅಂತ ಹೇಳಕೋತ ಹೋಗ್ರಿ. ಅದರ ಮ್ಯಾಲೆ ಕೈ ಹಗರ ಮಾಡ್ಲೋ ಜೋರ ಮಾಡ್ಲೋ ನೋಡತೀನಿ."

ಇಲ್ಲಿ ನನ್ನ ವೃತ್ತಿಜೀವನವು ನನಗೆ ಮುಳುವಾಯಿತು. ಮೂವತ್ತೊಂದು ವರ್ಷಗಳಲ್ಲಿ ಯಾರಿಗೂ ಹತ್ತಕ್ಕೆ ಆರಕ್ಕಿಂತ ಹೆಚ್ಚು ಕೊಟ್ಟವನಲ್ಲ ನಾನು. ಪರಿಪೂರ್ಣತೆ ಪರಮಾತ್ಮನಿಗೆ ಮಾತ್ರ ಸಲ್ಲುವುದೆಂಬುದು ನನ್ನ ಸಿದ್ಧಾಂತ. ಅವಳ ಹೆಬ್ಬೆರಳು ಹೆಗಲ ಮೂಲೆಗೆ ಇಳಿದಾಗ ಹದಿನಾಲ್ಕು ಲೋಕಗಳೂ ಸಾಲಾಗಿ ಬಂದು ದರ್ಶನ ಕೊಟ್ಟು ಹೋದವು. ಆದರೆ ನಾಲಿಗೆ ಅಭ್ಯಾಸಬಲದಿಂದ 'ನಾಲ್ಕೂವರೆ' ಎಂದಿತು. ಅಷ್ಟೇ ಏನು ಎಂದು ಅವಳು ಮೊಣಕೈ ಹಚ್ಚಿದಳು. 'ಐದು.' ಮೊಣಕೈಯ ಹಿಂದೆ ಇಡೀ ದೇಹದ ಭಾರ ಬಂತು. 'ಐದೂ ಕಾಲು' ಎನ್ನುವಷ್ಟರಲ್ಲಿ ಕಣ್ಣೀರು ಧಾರೆಯಾಗಿ ಇಳಿದು ಹಾಸಿಗೆಯ ಹೊದಿಕೆಯನ್ನು ತೋಯಿಸಿತು.

"ಆರು ಕೊಟ್ಟು ಬಿಡ್ರಿ" ಎಂದಳು ಕುರ್ಚಿಯಲ್ಲಿದ್ದ ಕಳಕಮ್ಮ. "ಜೀವಕ್ಕಿಂತ ಮಾರ್ಕು ದೊಡ್ಡದಲ್ಲ."

ಮರುದಿನ ಮೈಯೆಲ್ಲ ಕಣದಲ್ಲಿ ಬಡಿದ ತೆನೆಯಂತಾಗಿತ್ತು. ಅದೂ ಸಹಜವಂತೆ, ಎರಡು ದಿನ ನೋವಿದ್ದೇ ಇರುತ್ತದೆ, ನೀರು ಚೆನ್ನಾಗಿ ಕುಡಿಯಬೇಕು, ಭಾರ ಎತ್ತಬಾರದು, ಆಮೇಲೆ ಹಗುರಾಗುತ್ತದೆ ಎಂದು ಅವಳು ಹೇಳಿದ್ದಳು. ಆಶ್ಚರ್ಯವೆಂದರೆ, ಹಗುರಾಯಿತು. ಎರಡನೆಯ ಸಲ ಹೋಗಿ ಬಂದ ಮೇಲೆ ಕುತ್ತಿಗೆ ಎರಡೆರಡು ಬೆರಳಿನಷ್ಟು ಅಕ್ಕಪಕ್ಕಕ್ಕೆ ತಿರುಗತೊಡಗಿತು. ಕೆಳಕ್ಕೆ ಬಾಗಲು ಇನ್ನೂ ಏಳೆಂಟು ಸಲ ಬೇಕು, ಶ್ರಾವಣದೊಳಗೆ ಆದೀತು ಎಂದು ಮೆಹಜಬೀನ ಭರವಸೆ ಕೊಟ್ಟಳು. ನಾನು ಮನೆಗೆ ಬಂದವನೇ ಪುರಾಣದ ಪುಸ್ತಕದ ಧೂಳು ಒರೆಸಿ, ಅದಕ್ಕೆ ಹೊಸ ವಸ್ತ್ರ ಸುತ್ತಿದೆ.

ಮೂರನೆಯ ಸಲ ಅವಳು ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಹಿಂದೆ ನಿಂತು, ಎರಡೂ ಹೆಬ್ಬೆರಳುಗಳನ್ನು ಕುತ್ತಿಗೆಯ ಬುಡದಲ್ಲಿ ಊರಿ, ಮಾತಾಡಬಾರದೆಂದು ಅಪ್ಪಣೆ ಮಾಡಿದಳು. ಮಾತಾಡಿದರೆ ದವಡೆ ಬಿಗಿಯುತ್ತದೆ. ದವಡೆಯ ಬೆನ್ನಿಗೇ ಕುತ್ತಿಗೆ. ಎಣ್ಣೆಯ ಬಾಟಲಿ ಗೋಡೆಯ ಹಲಗೆಯ ಮೇಲಿತ್ತು; ಅದನ್ನು ತೆಗೆದುಕೊಡುವಂತೆ ಕಳಕಮ್ಮನನ್ನು ಕೇಳಿದಳು. ಕಳಕಮ್ಮ ಎದ್ದು ಬಲಗೈ ಎತ್ತಿದಳು. ಕೈ ಎದೆಯ ಎತ್ತರಕ್ಕೆ ಬಂದು ನಿಂತಿತು. ಏನೂ ಆಗದವಳಂತೆ ಅದನ್ನು ಇಳಿಸಿ ಎಡಗೈಯಿಂದ ಬಾಟಲಿ ತೆಗೆದಳು. ನಾನು ಅದನ್ನು ನೋಡಿದೆ. ನೋಡಿಯೂ ಏನನ್ನೂ ಕಾಣಲಿಲ್ಲ. ಮೆಹಜಬೀನ ನನ್ನ ಕುತ್ತಿಗೆಯನ್ನು ಬಿಟ್ಟು ಹೋಗಿ ಕಳಕಮ್ಮನ ಹೆಗಲ ಮೇಲೆ ಕೈ ಇಟ್ಟಳು.

"ಅಕ್ಕಾರ, ಈ ನೋವು ಹತ್ತಕ್ಕ ಎಷ್ಟು?"

ಕಳಕಮ್ಮ ತೂಗಿ ನೋಡಿದವಳಂತೆ, ಎರಡು ಇದ್ದೀತು ಎಂದಳು. ಮೆಹಜಬೀನ ಒತ್ತಿದಳು. ನಾನಾಗಿದ್ದರೆ ಗೊಬ್ಬರದಂಗಡಿಯವರು ಮಹಡಿ ಹತ್ತಿ ಓಡಿ ಬರುತ್ತಿದ್ದರು. ಕಳಕಮ್ಮ ರೆಪ್ಪೆ ಬಡಿಯಲಿಲ್ಲ.

"ಕಲ್ಲಾಗೇತ್ರಿ ಅಕ್ಕಾರ. ಇಷ್ಟು ನೋವು ಇಟ್ಕೊಂಡು ಹೆಂಗ ಇದ್ದೀರಿ?"

"ಇದಕ್ಕ ನೋವು ಅಂತಾರೇನು?" ಕಳಕಮ್ಮ ತನ್ನ ಹೆಗಲನ್ನು ತಾನೇ ಮುಟ್ಟಿ ನೋಡಿಕೊಂಡಳು. "ನಾ ಇದನ್ನ ಹೆಗಲು ಅಂತ ತಿಳದಿದ್ನವ್ವಾ."

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಗಂಗಾವತಿ ಭತ್ತದ ಸೀಮೆ. ಕಾಲುವೆಯ ನೀರು ಕುಡಿದವರೆಲ್ಲ ಇಲ್ಲಿ ಅನ್ನ ಉಂಡು ಸುಖವಾಗಿದ್ದಾರೆ. ನಾನೊಬ್ಬ ಮಾತ್ರ, ಅನ್ನವು ಬುದ್ಧಿಯನ್ನು ಮಂದಗೊಳಿಸುವುದೆಂಬ ಸ್ವಂತ ಶಾಸ್ತ್ರವೊಂದನ್ನು ರಚಿಸಿಕೊಂಡು, ಎರಡೂ ಹೊತ್ತು ಆಗತಾನೆ ಬಡಿದ ಬಿಸಿ ಜೋಳದ ರೊಟ್ಟಿಯೇ ಆಗಬೇಕೆಂದು ವಿಧಿಸಿದ್ದೆ. ಮೂವತ್ತೆರಡು ವರ್ಷ ಆ ವಿಧಿ ಒಂದು ಹೊತ್ತೂ ತಪ್ಪಿರಲಿಲ್ಲ. ನನ್ನ ಸೂಕ್ಷ್ಮಬುದ್ಧಿಯೆಲ್ಲ ಅವಳ ಬಲಹೆಗಲಿನಲ್ಲಿ ಗಂಟುಗಟ್ಟಿ ಕುಳಿತಿತ್ತು.

ಮೆಹಜಬೀನ ಮರಳಿ ಬಂದು ನನ್ನ ಕುತ್ತಿಗೆಯ ಮೇಲೆ ಹೆಬ್ಬೆರಳುಗಳನ್ನಿಟ್ಟು ಇಬ್ಬರಿಗೂ ಕೇಳುವಂತೆ ಹೇಳಿದಳು. ಶ್ರಾವಣದ ಮೊದಲ ಸೋಮವಾರ ಕಳೆದರೆ ಅವಳು ತಂಗಿಯ ಹೆರಿಗೆಗೆಂದು ಮುನಿರಾಬಾದಿಗೆ ಹೋಗುವವಳು. ಎರಡು ತಿಂಗಳು ಬರುವುದಿಲ್ಲ. ಅಲ್ಲಿಯವರೆಗೆ ಅವಳಲ್ಲಿ ಬಿಡುವಿದ್ದದ್ದು ನನಗೆ ಕೊಟ್ಟಿದ್ದ ವೇಳೆ ಮಾತ್ರ. ಉಳಿದದ್ದೆಲ್ಲ ಬೇರೆಯವರಿಗೆ ಹೋಗಿತ್ತು, ಇದ್ದ ವೇಳೆ ನಮ್ಮಿಬ್ಬರಲ್ಲಿ ಒಬ್ಬರಿಗೇ ಸಾಲುವಂತಿತ್ತು. ಕುತ್ತಿಗೆಯಾದರೆ ಮನೆಯಲ್ಲಿ ವ್ಯಾಯಾಮ ಮಾಡಿದರೂ ದಸರೆಯ ವೇಳೆಗೆ ಬಾಗೀತು. ಹೆಗಲು ಹೀಗೆಯೇ ಬಿಟ್ಟರೆ ಕೈ ಮೇಲೇಳುವುದೇ ನಿಂತೀತು.

"ಅವ್ರಿಗೇ ಮಾಡವ್ವಾ" ಎಂದಳು ಕಳಕಮ್ಮ. "ಅವ್ರಿಗೆ ಶ್ರಾವಣ ಐತಿ. ನನ್ನ ಹೆಗಲು ಎಲ್ಲಿ ಓಡಿ ಹೋಗ್ತೈತಿ."

"ಸರ್ರ, ನೀವ ಹೇಳ್ರಿ. ಬಾಯಿ ತೆರೀಬ್ಯಾಡ್ರಿ, ತಲಿಲೇ ಹೇಳ್ರಿ. ನಿಮಗ ಮಾಡ್ಲೇನ್ರಿ?"

ಓದುಗ ಮಹಾಶಯರೇ, ಯಾರಿಗೂ ಹೇಳದ ಮಾತನ್ನು ಇಲ್ಲಿ ನಿಮಗೆ ಹೇಳುತ್ತೇನೆ. ನಾನು ಹೂಂ ಎನ್ನಬಯಸಿದೆ. ಹತ್ತೊಂಬತ್ತು ವರ್ಷದ ಪೀಠ ಕಣ್ಣ ಮುಂದೆ ಇತ್ತು. ಹೆಗಲು ಅದರ ಹಿಂದೆಲ್ಲೋ ಮಸುಕಾಗಿತ್ತು. ಪೂರ್ಣ ಪ್ರಜ್ಞೆಯಿಂದ, ಪರಿಶುದ್ಧ ಸ್ವಾರ್ಥದಿಂದ, ತಲೆಯನ್ನು ಕೆಳಕ್ಕೆ ಬಾಗಿಸಲು ಬಲ ಹಾಕಿದೆ. ಕುತ್ತಿಗೆ ಬಾಗಲಿಲ್ಲ. ಇನ್ನಷ್ಟು ಬಲ ಹಾಕಿದೆ. ಕೆಳಕ್ಕೆ ದಾರಿ ಕಾಣದ ಆ ಬಲವು, ಹೊಸದಾಗಿ ಬಿಟ್ಟುಕೊಂಡಿದ್ದ ಎರಡು ಬೆರಳಿನ ದಾರಿಯಲ್ಲಿ ನುಗ್ಗಿ, ನನ್ನ ತಲೆಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಸ್ಪಷ್ಟವಾಗಿ ಅಲ್ಲಾಡಿಸಿತು.

"ನೋಡ್ರಿ ಅಕ್ಕಾರ" ಎಂದಳು ಮೆಹಜಬೀನ. "ಸರ್ ಒಲ್ಲೆ ಅಂದ್ರು."

ಆಗಿದ್ದನ್ನು ತಿಳಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಕಳಕಮ್ಮ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ನಮ್ಮ ದಾಂಪತ್ಯದಲ್ಲಿ ಅವಳು ನನ್ನಿಂದಾಗಿ ಅತ್ತದ್ದುಂಟು. ನನಗೆ ಮೆಚ್ಚಿ ಅತ್ತದ್ದು ಅದೇ ಮೊದಲು. ಬಾಯಿ ಮುಚ್ಚಿದೆ.

ಅಮರಪ್ಪನವರಿಗೆ ಫೋನು ಮಾಡಿ ತಿಳಿಸಿದೆ. ಅವರು ಬಹಳ ವ್ಯಥೆಪಟ್ಟು, ಅದೇ ಉಸಿರಿನಲ್ಲಿ, ತರುಣರೊಬ್ಬರನ್ನು ಮೊದಲೇ ಗೊತ್ತುಮಾಡಿ ಇಟ್ಟದ್ದು ಒಳ್ಳೆಯದಾಯಿತು ಎಂದರು. ಶ್ರಾವಣದ ಮೊದಲ ವಾರವೇ ಸುದ್ದಿ ಬಂತು: ಕಂಠ ಮಧುರವಂತೆ, ಅರ್ಥ ಸರಳವಂತೆ, ಹಿಂದೆಂದೂ ಇಷ್ಟು ಜನ ಕೂಡಿರಲಿಲ್ಲವಂತೆ. ಪೀಠ ಹೋಯಿತು. ಇನ್ನು ಬರುವುದಿಲ್ಲವೆಂಬುದು ನನಗೂ ಗೊತ್ತು, ಅವರಿಗೂ ಗೊತ್ತು.

ಇತ್ತ ನಲವತ್ತು ದಿನ ಕಳಕಮ್ಮ ರೊಟ್ಟಿ ಬಡಿಯಕೂಡದೆಂದು ಮೆಹಜಬೀನಳ ಆಜ್ಞೆಯಾಗಿತ್ತು. ಇನ್ನು ಅನ್ನವೇ ಇರಲಿ, ನನ್ನ ಶಾಸ್ತ್ರವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಉದಾರವಾಗಿ ಸಾರಿದೆ. ಕಳಕಮ್ಮ ಸಂಕೋಚದಿಂದ, "ನನಗ ರೊಟ್ಟಿ ಇಲ್ಲದ ಉಂಡಂಗ ಆಗೂದಿಲ್ರಿ" ಎಂದಳು. ಯಲಬುರ್ಗಿಯ ಎರೆಹೊಲದ ಮಗಳು. ಅವಳಿಗೂ ಒಂದು ನಾಲಿಗೆಯುಂಟೆಂಬುದನ್ನು ನಾನು ವಿಚಾರಿಸಿರಲೇ ಇಲ್ಲ. ಹೀಗಾಗಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ನಾನು ಕುಳಿತೆ. ಮೊದಲ ರೊಟ್ಟಿ ಕೊಪ್ಪಳ ಜಿಲ್ಲೆಯ ನಕಾಶೆಯಂತಿತ್ತು. ಹಂಚಿಗೆ ಹಾಕುವಾಗ ತಾಲೂಕುಗಳು ಬೇರೆಬೇರೆಯಾದವು. ಕಳಕಮ್ಮ ಎಲ್ಲವನ್ನೂ ಕೂಡಿಸಿಕೊಂಡು ಉಂಡು, ಛಲೋ ಆಗಿವೆ ಎಂದಳು. ಆ ಸುಳ್ಳು ನನ್ನ ಸುಳ್ಳಿಗಿಂತ ಎಷ್ಟೋ ಶುದ್ಧವಾಗಿತ್ತು.

ಅದಕ್ಕಿಂತ ದೊಡ್ಡ ಶಿಕ್ಷೆ ಹೊಗಳಿಕೆ. ಕಳಕಮ್ಮ ತನ್ನ ತಂಗಿ ಸಣ್ಣವ್ವನಿಗೆ ದಿನವೂ ಫೋನಿನಲ್ಲಿ, ಕೇಳಲಿಲ್ಲ ಬೇಡಲಿಲ್ಲ, ನನ್ನ ಸಲುವಾಗಿ ಪುರಾಣವನ್ನೇ ಬಿಟ್ಟುಕೊಟ್ಟರು ಎಂದು ಹೇಳುವಳು. ಸಣ್ಣವ್ವ ಅದನ್ನು ತನ್ನ ಗಂಡನಿಗೆ ದೃಷ್ಟಾಂತವಾಗಿ ಹೇಳುವಳು. ಆ ನನ್ನ ಷಡ್ಡಕ ಒಂದು ದಿನ ನನಗೇ ಫೋನು ಮಾಡಿ, ದಯವಿಟ್ಟು ಇನ್ನು ಯಾವ ತ್ಯಾಗವನ್ನೂ ಮಾಡಬಾರದಾಗಿ ಪ್ರಾರ್ಥಿಸಿದನು. ನಿಜ ನುಡಿದುಬಿಡಬೇಕೆಂದು ಮೂರು ಸಲ ಕಳಕಮ್ಮನ ಎದುರು ನಿಂತೆ. ಮೂರು ಸಲವೂ ಅವಳು, ಏನೂ ಹೇಳಬೇಡಿ, ನನಗೆ ಗೊತ್ತು ಎಂದು ತಡೆದಳು. ಅವಳಿಗೆ ಗೊತ್ತಿದ್ದ ಆ ಮನುಷ್ಯನನ್ನು ನಾನು ಒಮ್ಮೆಯೂ ಕಂಡಿಲ್ಲ.

ಮೆಹಜಬೀನ ಊರಿಗೆ ಹೊರಡುವ ಹಿಂದಿನ ದಿನ ಕಡೆಯ ಚಿಕಿತ್ಸೆ. ಅದು ಮುಗಿದ ಮೇಲೆ ಕಳಕಮ್ಮ ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು ಬಿಚ್ಚಿದ್ದ ತುರುಬನ್ನು ತಾನೇ ಕಟ್ಟಿಕೊಂಡಳು. ಕಟ್ಟಿ, ಬಿಚ್ಚಿ, ಇನ್ನೊಮ್ಮೆ ಕಟ್ಟಿದಳು. ಬಳಿಕ ಆಟೊ ನಿಲ್ಲಿಸಲು ಮೆಟ್ಟಿಲಿಳಿದು ಹೋದಳು. ನಾನು ಹಿಂದುಳಿದು, ಕೈಯ ಎಣ್ಣೆ ತೊಳೆಯುತ್ತಿದ್ದ ಶಿಷ್ಯೆಗೆ ಆ ದಿನದ ಸತ್ಯವನ್ನು ಅರುಹಿದೆ.

"ಗೊತ್ತೈತ್ರಿ ಸರ್ರ" ಎಂದಳು ಅವಳು, ತಿರುಗಿ ನೋಡದೆ. "ನನ್ನ ಎರಡೂ ಹೆಬ್ಬಟ್ಟು ನಿಮ್ಮ ಕುತ್ತಿಗಿ ಮ್ಯಾಲೇ ಇದ್ದವಲ್ರಿ. ಅದು ಹೂಂ ಅನ್ನಾಕ ಹತ್ತಿತ್ತು."

ಮತ್ತೇಕೆ ಹಾಗೆ ನುಡಿದೆ ಎಂದು ಕೇಳಿದೆ.

"ಒಂಬತ್ತನೇ ಕ್ಲಾಸಿನ್ಯಾಗ ನೀವ ಹೇಳಿದ್ರಿ. ಓಲಿಗರಿ ಕಡೀಕ ನಕಲು ಮಾಡಿದವ್ರು ಬರದಿರ್ತಾರ, ತಪ್ಪಿದ್ರ ತಿದ್ದಿ ಓದ್ರಿ ಅಂತ." ಅವಳು ಕೈ ಒರೆಸಿಕೊಂಡಳು. "ನಿಮ್ಮ ಕುತ್ತಿಗಿ ತಪ್ಪು ಬರದಿತ್ರಿ. ನಾ ತಿದ್ದಿ ಓದಿದೆ."

ಗುರುವಿನ ತಪ್ಪನ್ನು ಲೋಕಕ್ಕೆ ಒಪ್ಪಾಗಿ ಓದಿದ ಆ ಕೈಗಳಿಗೆ ದಣಿವು ಬಾರದಿರಲಿ. ಮುನಿರಾಬಾದಿನಲ್ಲಿ ಅವಳ ತಂಗಿಗೆ ಸುಖಪ್ರಸವವಾಗಲಿ. ಹುಟ್ಟುವ ಕೂಸಿಗೆ ಮೊದಲ ಎಣ್ಣೆ ಅವಳ ಅಂಗೈಯಿಂದಲೇ ದೊರೆಯಲಿ. ಅವಳ ಗಂಡನ ದುಡಿಮೆಗೆ ಬರಕತ್ತು ಬರಲಿ, ಮಕ್ಕಳಿಗೆ ವಿದ್ಯೆ ಹತ್ತಲಿ, ಹಿರಿಯರಿಗೆ ನಿದ್ದೆ ಹತ್ತಲಿ. ಅವಳ ಮನೆಯ ಒಲೆ ಆರದಿರಲಿ, ಹೊಸ್ತಿಲು ಬಂಧುಗಳಿಂದ ಸವೆಯಲಿ; ಆ ಮನೆಯಲ್ಲಿ ಯಾರೊಬ್ಬರ ನೋವೂ ಹೆಸರಿಲ್ಲದೆ ಉಳಿಯದಿರಲಿ.